ಹಸಿರು ರಕ್ತ, ಕೆಂಪು ಬಸ್ಸು

ಶುಕ್ರವಾರ ಬೆಳಿಗ್ಗೆ ಸಿನಿಮಾ ಬಿಡುಗಡೆಯಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಜಾತಕ ಬರೆದು ಮುಗಿದಿರುತ್ತದೆ. ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಎಳೆದಿದ್ದಾರೆ, ಫೈಟು ಜಾಸ್ತಿಯಾಯ್ತು. ದರ್ಶಿನಿಯಲ್ಲಿ ತಟ್ಟೆ ಎತ್ತುವ ಹುಡುಗನಿಂದ ಹಿಡಿದು ಕಾಲೇಜಿನ ಮೇಷ್ಟ್ರವರೆಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ, ಹೇಳಿಕೊಳ್ಳಲು ಸಂಕೋಚವೂ ಇರುವುದಿಲ್ಲ. ಅದೇ ಜನರನ್ನು, ದಿನಾ ರಾತ್ರಿ ಫೋನಿನಲ್ಲಿ ಗಂಟೆಗಟ್ಟಲೆ ಆಡುವ ಗೇಮ್ ಹೇಗಿದೆ ಎಂದು ಕೇಳಿ ನೋಡಿ. “ಅಯ್ಯೋ, ಸುಮ್ನೆ ಟೈಮ್‌ಪಾಸ್ ಸಾರ್” ಎನ್ನುತ್ತಾ ಫೋನನ್ನು ಮಗುಚಿಡುತ್ತಾರೆ.

ಪತ್ರಿಕೆಗಳಲ್ಲೂ ಅಷ್ಟೇ. ಗೇಮ್ ಸುದ್ದಿಯಾಗುವುದು ಸರ್ಕಾರ ಅದನ್ನು ನಿಷೇಧಿಸಿದಾಗ, ಇಲ್ಲವೇ ಯಾರೋ ಅದರಲ್ಲಿ ಮನೆ ಮಠ ಕಳೆದುಕೊಂಡಾಗ. ಆ ಗೇಮ್ ಚೆನ್ನಾಗಿತ್ತೇ, ಅದನ್ನು ಕಟ್ಟಿದವರ ಜಾಣ್ಮೆ ಎಲ್ಲಿದೆ, ಮೋಸ ಎಲ್ಲಿದೆ, ಎಷ್ಟು ಹೊತ್ತಿಗೆ ಬೋರು ಹೊಡೆಸುತ್ತದೆ ಎಂದು ಬರೆಯುವವರಿಲ್ಲ. ಸಿನಿಮಾಕ್ಕಿಂತ ಹೆಚ್ಚು ಹೊತ್ತು ಜನರ ಕೈಯಲ್ಲಿರುವ ಗೇಮಿಗೆ ಒಂದು ಕೆಟ್ಟ ವಿಮರ್ಶೆಯ ಭಾಗ್ಯವೂ ಇಲ್ಲ. ನನ್ನ ತಕರಾರು ಅದೇ.

ಈ ತಕರಾರಿಗೆ ಸಾಕ್ಷಿ ಹುಡುಕಲು ಬೆಂಗಳೂರಿನ ಅಂಚಿನ ಚಿಕ್ಕಬಾಣಾವರ ಹೇಳಿ ಮಾಡಿಸಿದ ಊರು. ಒಂದು ಕಡೆ ಪೀಣ್ಯದ ಕಾರ್ಖಾನೆಗಳು. ಅಲ್ಲಿ ಶಿಫ್ಟ್ ಮುಗಿಸಿದವರ ಬಾಡಿಗೆ ಮನೆಗಳು ಇಲ್ಲಿವೆ. ಇನ್ನೊಂದು ಕಡೆ ಸೋಲದೇವನಹಳ್ಳಿ ಮತ್ತು ಹೆಸರಘಟ್ಟ ರಸ್ತೆಯ ಕಾಲೇಜುಗಳು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಆಫ್ರಿಕಾದಿಂದ ಬಂದ ವಿದ್ಯಾರ್ಥಿಗಳು. ಅವರಿಗೆಂದೇ ಎದ್ದ ಪಿ.ಜಿ.ಗಳು. ರೈಲ್ವೆ ಸ್ಟೇಷನ್ನು ತುಮಕೂರು ಮತ್ತು ಹಾಸನದ ಹಳಿಗಳು ಕವಲೊಡೆಯುವ ಜಂಕ್ಷನ್. ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗ ಬೈಯಪ್ಪನಹಳ್ಳಿಯಿಂದ ಹೊರಟು ಇಲ್ಲಿಗೆ ಬಂದು ನಿಲ್ಲಬೇಕು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದಾರೆ. ಆ ರೈಲು ಬರುವವರೆಗೆ ಹೆಸರಘಟ್ಟ ರಸ್ತೆಯ ಟ್ರಾಫಿಕ್ಕು, ಬಸ್ ಸ್ಟಾಪು, ಪ್ಲಾಟ್‌ಫಾರ್ಮು. ಕಾಯುವವರು ಹೆಚ್ಚಿರುವ ಕಡೆ ಆಡುವವರೂ ಹೆಚ್ಚು.

ಮೊದಲು ಗುಂಡಿನ ಸದ್ದು ಬರುವ ಕಡೆಗೆ ಹೋಗೋಣ. ಪಿ.ಜಿ. ಟೆರೇಸಿನ ಮೇಲೆ ರಾತ್ರಿ ಹತ್ತರ ಮೇಲೆ ಕೇಳುವ ಕನ್ನಡ ಹೀಗಿರುತ್ತದೆ: “ಮಗಾ ನಾಕ್ ಆದೆ, ರಿವೈವ್ ಕೊಡೋ”, “ಝೋನ್ ಬಂತು, ಗಾಡಿ ತಗೊಂಬಾ”, “ಅವ್ನು ಹುಲ್ಲಲ್ಲಿ ಮಲ್ಗಿದಾನೆ ಗುರು, ಕ್ಯಾಂಪರ್ ನನ್ಮಗ.” ಇದು ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಇದರ ಪೂರ್ವಜನ್ಮದ ಹೆಸರು ಪಬ್‌ಜಿ ಮೊಬೈಲ್. ಚೀನಾ ಗಡಿಯಲ್ಲಿ ಬಿಸಿಯೇರಿದ್ದ 2020ರಲ್ಲಿ, ಸೆಪ್ಟೆಂಬರ್ 2ರಂದು ಒಟ್ಟು 118 ಆ್ಯಪ್‌ಗಳ ಜತೆ ಅದಕ್ಕೂ ನಿಷೇಧ ಬಿತ್ತು. ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಅದನ್ನೇ ಹೊಸ ನಾಮಕರಣ ಮಾಡಿ ಕರೆತಂದಿತು. 2022ರ ಜುಲೈನಲ್ಲಿ ಅದೂ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಇಷ್ಟು ಸಲ ಸತ್ತು ಹುಟ್ಟಿದ ಗೇಮ್ ಬೇರೆ ಇಲ್ಲ.

ಪ್ರತಿ ಹುಟ್ಟಿಗೂ ಸಂಸ್ಕಾರ ಹೆಚ್ಚಾಗುತ್ತಾ ಹೋಗಿದೆ. ನಮ್ಮ ದೇಶದ ಆವೃತ್ತಿಯಲ್ಲಿ ಗುಂಡು ತಗುಲಿದವನ ಮೈಯಿಂದ ಹಸಿರು ರಕ್ತ ಹಾರುತ್ತದೆ. ಇಲ್ಲಿ ಯಾರೂ ಯಾರನ್ನೂ ‘ಕಿಲ್’ ಮಾಡುವುದಿಲ್ಲ, ‘ಫಿನಿಶ್’ ಮಾಡುತ್ತಾರೆ. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ. ಹಸಿರು ಬಣ್ಣ ಹಚ್ಚಿದ ಮಾತ್ರಕ್ಕೆ ಹಿಂಸೆ ತರಕಾರಿಯಾಗುತ್ತದೆ ಎಂದು ನಂಬಿದವರು ಯಾರೋ ಗೊತ್ತಿಲ್ಲ. ಮೂರು ಗಂಟೆಯ ಮಿತಿಗೆ ಮಕ್ಕಳು ಕಂಡುಕೊಂಡ ಉಪಾಯ ಸರಳ: ಅಪ್ಪನ ಹುಟ್ಟಿದ ದಿನಾಂಕ.

ಆದರೆ ಗೇಮ್ ಹೇಗಿದೆ? ನನ್ನ ಅಭಿಪ್ರಾಯದಲ್ಲಿ ಬಿಜಿಎಂಐ ಗುಂಡು ಹಾರಿಸುವ ಆಟವೇ ಅಲ್ಲ. ಅರ್ಧ ಗಂಟೆಯ ಮ್ಯಾಚಿನಲ್ಲಿ ಗುಂಡು ಹಾರುವುದು ನಾಲ್ಕೈದು ನಿಮಿಷ ಇರಬಹುದು. ಉಳಿದದ್ದೆಲ್ಲ ನಡೆಯುವುದು, ಖಾಲಿ ಮನೆಗಳಲ್ಲಿ ತಡಕಾಡುವುದು, ಗೋಡೆಯಾಚೆಯ ಹೆಜ್ಜೆ ಸದ್ದಿಗೆ ಕಿವಿಗೊಡುವುದು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಎರಾಂಗೆಲ್ ಎಂಬ ಆ ದ್ವೀಪ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಅಷ್ಟು ಜಾಗದಲ್ಲಿ ಪೊದೆಯಲ್ಲಿ ಅಡಗಿ ಕೂತರೆ ಗೇಮ್ ಮುಗಿಯುವುದೇ ಇಲ್ಲ. ಅದಕ್ಕೇ ಝೋನ್: ಒಂದು ನೀಲಿ ವೃತ್ತ ಹಂತಹಂತವಾಗಿ ಕುಗ್ಗುತ್ತಾ ಬಂದು ಎಲ್ಲರನ್ನೂ ಒಂದೇ ಕಡೆಗೆ ತಳ್ಳುತ್ತದೆ. ಗಣೇಶೋತ್ಸವದ ಮ್ಯೂಸಿಕಲ್ ಚೇರ್‌ನಲ್ಲಿ ಒಂದೊಂದೇ ಕುರ್ಚಿ ತೆಗೆದಂತೆ. ಐರ್ಲೆಂಡಿನ ಬ್ರೆಂಡನ್ ಗ್ರೀನ್, 2000ದಲ್ಲಿ ಬಂದ ‘ಬ್ಯಾಟಲ್ ರಾಯಲ್’ ಎಂಬ ಜಪಾನಿ ಸಿನಿಮಾದಿಂದ ಪ್ರೇರಣೆ ಪಡೆದು, ಬೇರೆಯವರ ಗೇಮುಗಳ ಮೇಲೆ ಪ್ರಯೋಗ ಮಾಡುತ್ತಾ ಈ ರೂಪಕ್ಕೆ ಬಂದವರು. ಬಂದೂಕುಗಳನ್ನು ಯಾರು ಬೇಕಾದರೂ ಬಿಡಿಸಬಹುದು. ಆ ವೃತ್ತವನ್ನು ಯೋಚಿಸಿದ್ದು ದೊಡ್ಡದು.

ಪಕ್ಕದ ಗಲ್ಲಿಯಲ್ಲಿ ಫ್ರೀ ಫೈರ್ ಮ್ಯಾಕ್ಸ್. ಬಿಜಿಎಂಐ ಆಡುವವರಿಗೆ ಇವರನ್ನು ಕಂಡರೆ ತಾತ್ಸಾರ: “ಅದು ಕಾರ್ಟೂನ್ ಗೇಮ್ ಸಾರ್, ಚಿಕ್ಕ ಹುಡುಗ್ರದ್ದು.” ಈ ತಾತ್ಸಾರದ ಕೆಳಗಿರುವುದು ಫೋನಿನ ಬೆಲೆ. ಸಿಂಗಪುರದ ಗರೀನಾ ಕಂಪನಿಯ ಫ್ರೀ ಫೈರ್ ಹಳೆಯ ಅಗ್ಗದ ಫೋನಿನಲ್ಲೂ ಓಡುತ್ತದೆ. ಐವತ್ತೇ ಜನ, ಹತ್ತು ನಿಮಿಷಕ್ಕೆ ಮ್ಯಾಚ್ ಮುಕ್ತಾಯ. ಎರಡು ಶಿಫ್ಟ್‌ಗಳ ನಡುವಿನ ಟೀ ಬ್ರೇಕಿಗೆ ಸರಿಹೊಂದುವ ಗೇಮ್ ಇದು. 2022ರ ಫೆಬ್ರುವರಿ 14ರಂದು ಸರ್ಕಾರ ಫ್ರೀ ಫೈರ್ ಅನ್ನು ನಿಷೇಧಿಸಿತು. ಫ್ರೀ ಫೈರ್ ಮ್ಯಾಕ್ಸ್ ಮಾತ್ರ ಹಾಗೇ ಉಳಿಯಿತು, ಹುಡುಗರು ಅದಕ್ಕೆ ಜಿಗಿದರು. ಮರುವರ್ಷ ಧೋನಿಯನ್ನು ಮುಂದಿಟ್ಟುಕೊಂಡು ‘ಫ್ರೀ ಫೈರ್ ಇಂಡಿಯಾ’ ತರುವುದಾಗಿ ಕಂಪನಿ ದಿನಾಂಕವನ್ನೂ ಹೇಳಿ, ಕೊನೇ ಗಳಿಗೆಯಲ್ಲಿ ಮುಂದೂಡಿತು.

ಫ್ರೀ ಫೈರ್‌ನಲ್ಲಿ ನನಗೆ ಮೆಚ್ಚುಗೆಯಾಗಿದ್ದು ಗ್ಲೂ ವಾಲ್. ಬಟ್ಟ ಬಯಲಿನಲ್ಲಿ ಗುಂಡಿನ ಸುರಿಮಳೆಯಾಗುವಾಗ ಒಂದು ಗುಂಡಿ ಒತ್ತಿದರೆ ಎದುರಿಗೆ ಮಂಜಿನ ಗೋಡೆ ಏಳುತ್ತದೆ. ಚೆನ್ನಾಗಿ ಆಡುವ ಹುಡುಗ ಓಡುತ್ತಲೇ ಗೋಡೆ ಎಬ್ಬಿಸಿ, ಕೂತು, ಪಕ್ಕದಿಂದ ಇಣುಕಿ ಹೊಡೆಯುವುದನ್ನು ನೋಡಿದರೆ ಹೆಬ್ಬೆರಳಿಗೂ ವಿದ್ಯೆ ಇದೆ ಎಂದು ಒಪ್ಪಲೇಬೇಕು. ಮೆಚ್ಚದ್ದು ಅದರ ಅಂಗಡಿ. ಅಲ್ಲಿ ಬಂದೂಕಿಗೆ ಹಾಕುವ ಸ್ಕಿನ್ ಬರೀ ಬಣ್ಣವಲ್ಲ. ಕೆಲವು ಸ್ಕಿನ್‌ಗಳು ಗುಂಡಿನ ಪೆಟ್ಟನ್ನೇ ಹೆಚ್ಚಿಸುತ್ತವೆ. ಪಾತ್ರಗಳಿಗೂ ಒಂದೊಂದು ಶಕ್ತಿ. ಡೈಮಂಡ್ ಟಾಪ್‌ಅಪ್ ಮಾಡಿದವನ ಕೈ ಮೇಲೆ. ಬಿಜಿಎಂಐನಲ್ಲಿ ಸಾವಿರಾರು ರೂಪಾಯಿ ಸುರಿದು ಕೊಂಡ ಅಂಗಿ ಬಹುಮಟ್ಟಿಗೆ ಅಂಗಿಯೇ, ಒಳಗೆ ಎಲ್ಲರೂ ಬರಿಗೈಲೇ ಇಳಿಯಬೇಕು. ಆದರೆ ಅದರ ಬಾಗಿಲಲ್ಲೇ ಒಳ್ಳೆಯ ಫೋನು ಕೇಳುತ್ತಾರೆ. ಹೀಗಾಗಿ ಬಡವನ ಫೋನಿಗೆ ಜಾಗ ಕೊಟ್ಟ ಗೇಮ್ ಒಳಗೆ ಹೋದಮೇಲೆ ದುಡ್ಡಿನ ಕಡೆ ವಾಲುತ್ತದೆ. ಒಳಗೆ ಸಮಾನತೆ ಪಾಲಿಸುವ ಗೇಮ್ ಬಡವನನ್ನು ಹೊರಗೇ ನಿಲ್ಲಿಸುತ್ತದೆ. ಹುಡುಗರ ಜಗಳದಲ್ಲಿ ಈ ಮಾತು ಬೇರೆ ಬೇರೆ ಬೈಗುಳಗಳ ವೇಷದಲ್ಲಿ ಬರುತ್ತಲೇ ಇರುತ್ತದೆ.

ಗೇಮಿನ ಗೀಳು ಹಿಡಿಯುತ್ತದೆ ಎಂಬ ಮಾತು ಸುಳ್ಳಲ್ಲ. ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳಿಗೆಂದು ‘ಶಟ್ ಕ್ಲಿನಿಕ್’ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಅದರ ಲಕ್ಷಣ ಹೇಳುವಾಗ ವೈದ್ಯರು ಗಂಟೆ ಎಣಿಸುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಓದು, ಕೆಲಸ, ಮನೆಮಂದಿ ಎಲ್ಲವೂ ಹಿಂದೆ ಸರಿದಿವೆಯೇ, ಸಾಮಾನ್ಯವಾಗಿ ಒಂದು ವರ್ಷದಿಂದ ಹೀಗೇ ನಡೆದಿದೆಯೇ ಎಂದು ನೋಡುತ್ತಾರೆ. ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: “ಇನ್ನೂ ಫೋನ್ ಕೆಳಗಿಡ್ಲಿಲ್ವಾ?” ಏನು ಆಡ್ತಿದೀಯ, ಯಾರ ಜತೆ ಆಡ್ತಿದೀಯ ಎಂಬುದು ಬರುವುದೇ ಇಲ್ಲ. ವಾಯ್ಸ್ ಚಾಟ್‌ನಲ್ಲಿ ಹುಡುಗಿಯ ದನಿ ಕೇಳಿದ ಕೂಡಲೇ ಅಪರಿಚಿತರ ನಾಲಿಗೆ ಹೇಗೆ ಹರಿಯುತ್ತದೆ ಎಂದು ತಂದೆತಾಯಿಗಳು ಒಮ್ಮೆ ಕೇಳಿಸಿಕೊಂಡರೆ, ಗಂಟೆಯ ಲೆಕ್ಕ ಬಿಟ್ಟು ಅದಕ್ಕೇ ಮೊದಲು ಸಿಟ್ಟಾಗುತ್ತಾರೆ. ಅನೇಕ ಹುಡುಗಿಯರು ಮೈಕ್ ಆಫ್ ಮಾಡಿಯೇ ಆಡುತ್ತಾರೆ.

ಇನ್ನು ಲೂಡೊ. ತುಮಕೂರು ಕಡೆಯ ರೈಲಿನಲ್ಲಿ ನಾಲ್ವರು ಒಂದೇ ಫೋನಿನ ಸುತ್ತ ಬಾಗಿದ್ದರೆ ಅದು ಲೂಡೊ ಕಿಂಗ್. ನವಿ ಮುಂಬೈಯ ಗೇಮ್ಷನ್ ಎಂಬ ಕಂಪನಿ 2016ರಲ್ಲಿ ತಂದದ್ದು, 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೂ ಹೊಕ್ಕಿತು. ಗೇಮ್ ಆಗಿ ಇದರಲ್ಲಿ ಹೆಚ್ಚೇನೂ ಇಲ್ಲ. ದಾಳ ಬಿದ್ದ ಕಡೆ ಕಾಯಿ. ಚೌಕಾಬಾರ ಇದಕ್ಕಿಂತ ಎಷ್ಟೋ ಚುರುಕು. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಹಲವು ಮನೆಗಳಲ್ಲಿದೆ. ಅಲ್ಲಿಗೆ ಆಟ ಓಟದಿಂದ ಬೇಟೆಗೆ ತಿರುಗುತ್ತದೆ, ಅತ್ತೆಯ ಕಾಯನ್ನು ಕಡಿಯಬೇಕೋ ನಾದಿನಿಯದನ್ನೋ ಎಂದು ಯೋಚಿಸಬೇಕಾಗುತ್ತದೆ. ಲೂಡೊದಲ್ಲಿ ಆ ಸುಖವಿಲ್ಲ. ಆದರೂ ರೈಲಿನಲ್ಲಿ ಕವಡೆ ಚೆಲ್ಲಲಾಗುವುದಿಲ್ಲ.

ಆಟ ಕಟ್ಟುವುದನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬರು ನಮ್ಮಲ್ಲೇ ಇದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಾಸಿನಾಟಗಳನ್ನು, ಮುನ್ನೂರಕ್ಕೂ ಹೆಚ್ಚು ಎಲೆಗಳ ಗಂಜೀಫ ಕಟ್ಟುಗಳನ್ನು ರೂಪಿಸಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ‘ಕೌತುಕನಿಧಿ’ ಭಾಗ ಇಂಥ ಆಟಗಳಿಗೇ ಮೀಸಲು. ಅಧಿಕಾರ ಬ್ರಿಟಿಷರ ಕೈಗೆ ಹೋಗಿತ್ತಲ್ಲ, ಅರಸರಿಗೆ ಬಿಡುವಿತ್ತು ಎಂದು ನಗುವವರಿದ್ದಾರೆ. ಬಿಡುವಿದ್ದ ಅರಸರು ಬೇಕಾದಷ್ಟು ಜನ. ನಿಯಮ ಬರೆದಿಟ್ಟವರು ಕಡಿಮೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಇಂಥ ಹಾಸುಗಳನ್ನು ಮತ್ತೆ ಜನರ ಮುಂದಿಡುತ್ತಾ ಬಂದಿದ್ದಾರೆ.

ದುಡ್ಡಿನ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳ ಬಗ್ಗೆ ನಾಲ್ಕೇ ಮಾತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗವನ್ನು ರದ್ದುಮಾಡಿತು. ಫ್ರೀ ಫೈರ್ ಹೋದ ದಿನವೇ. ಅಂದರೆ ಪ್ರೇಮಿಗಳ ದಿನ ಪೀಣ್ಯದ ಹುಡುಗನೊಬ್ಬ ಸುಮ್ಮನೆ ಆಡುತ್ತಿದ್ದ ಗೇಮ್ ಕಳೆದುಕೊಂಡ, ಸಂಬಳ ಕಳೆಯುವ ಗೇಮ್ ಅವನಿಗೆ ವಾಪಸ್ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಎಂಬ ವಾದಕ್ಕೇ ಹೋಗದೆ, ಹಣ ಕಟ್ಟಿ ಆಡುವ ಆನ್‌ಲೈನ್ ಗೇಮುಗಳನ್ನೆಲ್ಲ ನಿಲ್ಲಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ಇ-ಸ್ಪೋರ್ಟ್ಸ್ ಅನ್ನು ಅದೇ ಕಾಯ್ದೆ ಬೇರೆಯಾಗಿಯೇ ಗುರುತಿಸಿದೆ. ವಿಮರ್ಶಕನಾಗಿ ನನಗೆ ಆ ಆ್ಯಪ್‌ಗಳು ಹೋದದ್ದಕ್ಕೆ ಬೇಸರವಿಲ್ಲ. ಪಣ ತೆಗೆದರೆ ಯಾರೂ ಹತ್ತು ನಿಮಿಷ ಆಡದ ಗೇಮ್ ಗೇಮೇ ಅಲ್ಲ.

ಕ್ರಿಕೆಟ್ಟಿಗೆ ಬಂದರೆ ವಯಸ್ಸಿನ ಗೆರೆ ಎದ್ದು ಕಾಣುತ್ತದೆ. ಮೂವತ್ತು ದಾಟಿದವರು ಇವತ್ತಿಗೂ ಲ್ಯಾಪ್‌ಟಾಪಿನಲ್ಲಿ ‘ಕ್ರಿಕೆಟ್ 07’ ಇಟ್ಟುಕೊಂಡಿದ್ದಾರೆ. ಇಎ ಕಂಪನಿ ಅದನ್ನು ಹೊರತಂದದ್ದು 2006ರಲ್ಲಿ, ಆಮೇಲೆ ಲ್ಯಾಪ್‌ಟಾಪಿಗೆ ಇನ್ನೊಂದು ಕ್ರಿಕೆಟ್ ಗೇಮ್ ತರಲಿಲ್ಲ. ಅಭಿಮಾನಿಗಳೇ ಪ್ಯಾಚ್ ಹಾಕಿ ಹಾಕಿ ಐಪಿಎಲ್ ತಂಡಗಳನ್ನೂ ಹೊಸ ಆಟಗಾರರನ್ನೂ ಅದರೊಳಗೆ ತುರುಕಿದ್ದಾರೆ. ಚಿಕ್ಕವರ ಫೋನಿನಲ್ಲಿ ಚೆನ್ನೈಯ ನೆಕ್ಸ್ಟ್‌ವೇವ್ ಮಾಡಿದ ಡಬ್ಲ್ಯುಸಿಸಿ, ನಾಟಿಲಸ್‌ನ ರಿಯಲ್ ಕ್ರಿಕೆಟ್. ಆರ್‌ಸಿಬಿ ನಿಜವಾದ ಐಪಿಎಲ್ ಕಪ್ ಎತ್ತಿದ್ದು 2025ರ ಜೂನ್ 3ರಂದು. ಈ ಗೇಮುಗಳಲ್ಲಿ ಅದು ಅಷ್ಟರೊಳಗೆ ಎಷ್ಟು ಸಾವಿರ ಸಲ ಗೆದ್ದಿತ್ತೋ, ಹದಿನೇಳು ವರ್ಷ ಜನ ಮರ್ಯಾದೆ ಉಳಿಸಿಕೊಂಡದ್ದೇ ಹಾಗೆ. ನನ್ನ ದೂರು: ಮೊಬೈಲ್ ಕ್ರಿಕೆಟ್‌ನಲ್ಲಿ ಟೈಮಿಂಗ್ ಒಮ್ಮೆ ಹಿಡಿತಕ್ಕೆ ಸಿಕ್ಕರೆ ಆಮೇಲೆ ಬರೀ ಸಿಕ್ಸರ್. ಬೌಲರ್ ಪಾಪದವನು. ಒಂದು ಓವರ್ ಮೇಡನ್ ಮಾಡಿ ಖುಷಿಪಡುವ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಕಾಲೇಜಿನ ಕಡೆಯ ಗೇಮಿಂಗ್ ಕೆಫೆಗಳಲ್ಲಿ ವ್ಯಾಲರಂಟ್ ಎಂಬ ಗುಂಡಿನ ಗೇಮ್. ಐವರಿಗೆ ಐವರು, ಮೊದಲು 13 ಸುತ್ತು ಗೆದ್ದವರು ಗೆದ್ದಂತೆ. ನಾನು ನೋಡಿದ ಗೇಮುಗಳಲ್ಲಿ ಕ್ರೀಡೆಗೆ ತೀರಾ ಹತ್ತಿರವಾದದ್ದು ಇದು, ಕಲಿಯುವವನಿಗೆ ಕರುಣೆ ತೋರದಿರುವುದರಲ್ಲೂ. ಆದರೆ ಅದೇ ಹುಡುಗರು ಮಾತಾಡುವುದು ಇನ್ನೂ ಬಾರದ ಗೇಮ್ ಬಗ್ಗೆ. ಜಿಟಿಎ 6 ಎರಡು ಸಲ ಮುಂದೆ ಹೋಗಿ ಈಗ 2026ರ ನವೆಂಬರ್ 19 ಎಂದು ನಿಂತಿದೆ. ಅದು ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್‌ಗೆ ಮಾತ್ರ ಮೊದಲು ಬರುವುದು, ಪೆಟ್ಟಿಗೆಗೇ ಅರ್ಧ ಲಕ್ಷದ ಆಸುಪಾಸು. ಯಾರೂ ಕೊಳ್ಳುವುದಿಲ್ಲ, ಎಲ್ಲರೂ ಚರ್ಚಿಸುತ್ತಾರೆ.

ಜಿಟಿಎ ಮೇಲಿನ ಈ ಮೋಹ ಸೈಬರ್ ಸೆಂಟರ್ ಕಾಲದ್ದು. 2002ರ ವೈಸ್ ಸಿಟಿಯಲ್ಲಿ ಕೀಬೋರ್ಡಿನ ಮೇಲೆ ‘ಪ್ಯಾಂಜರ್’ ಎಂದು ಕುಟ್ಟಿದರೆ ಆಕಾಶದಿಂದ ಮಿಲಿಟರಿ ಟ್ಯಾಂಕು ಬೀಳುತ್ತಿತ್ತು, ‘ಲೀವ್ ಮಿ ಅಲೋನ್’ ಎಂದು ಕುಟ್ಟಿದರೆ ಪೊಲೀಸರು ಬೆನ್ನು ಬಿಡುತ್ತಿದ್ದರು. ಕನ್ನಡ ಮೀಡಿಯಂನ ಹುಡುಗರು ಈ ಅಕ್ಷರಗಳನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮಂತ್ರದ ಹಾಗೆ ಬರೆದುಕೊಂಡಿರುತ್ತಿದ್ದರು. ಕಥೆಯ ಮಿಷನ್ ಮುಗಿಸಿದವರು ಯಾರೂ ಇಲ್ಲ. ಊರು ಸುತ್ತುವುದೇ ಗೇಮ್. ಇಪ್ಪತ್ತು ವರ್ಷ ಕಳೆದರೂ ಜನ ಅದನ್ನು ನೆನೆಯುವುದು ಆ ಸುತ್ತಾಟಕ್ಕಾಗಿ. ಈಗಿನ ಮಕ್ಕಳು ‘ಇಂಡಿಯನ್ ಬೈಕ್ಸ್ ಡ್ರೈವಿಂಗ್ 3ಡಿ’ಯಲ್ಲಿ ನಂಬರ್ ಒತ್ತಿ ಬೈಕು ತರಿಸಿಕೊಳ್ಳುವುದೂ ಅದೇ ವಂಶದ್ದು. ಗ್ರಾಫಿಕ್ಸ್ ಒರಟು, ನಗು ಬರುತ್ತದೆ. ಆದರೆ ಸುತ್ತಾಟದ ಸುಖ ಪೂರ್ತಿ ಸಿಗುತ್ತದೆ.

ಆ ಜಿಟಿಎ ಮಾಡುವ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೇ ಸ್ಟುಡಿಯೊ ಇದೆ ಎಂದರೆ ಹುಡುಗರು ಅನೇಕ ಸಲ ನಂಬುವುದಿಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಧ್ರುವ ಇಂಟರ್ಯಾಕ್ಟಿವ್ ಶುರುಮಾಡಿದಾಗ ದೇಶದಲ್ಲಿ ಗೇಮ್ ಉದ್ಯಮ ಎಂಬುದೇ ಇರಲಿಲ್ಲ. ಹೊರದೇಶದ ದೊಡ್ಡ ಗೇಮುಗಳಿಗೆ, ಫೋರ್ಜಾದಂಥ ಕಾರ್ ರೇಸುಗಳಿಗೆ, ಚಿತ್ರಕೆಲಸ ಮಾಡಿಕೊಡುತ್ತಾ ಆ ಸಂಸ್ಥೆ ಬೆಳೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರಿನ ತಂಡಕ್ಕೆ ಸೇರಿಸಿಕೊಂಡಿತು. ಬೇರೆ ದೇಶದ ನಗರಗಳ ಇಟ್ಟಿಗೆ, ಬೀದಿದೀಪ, ಕಾರಿನ ಬಾನೆಟ್ಟನ್ನು ಇಲ್ಲಿಯವರ ಕೈಗಳು ತಿದ್ದಿವೆ. ಬೆಂಗಳೂರನ್ನೇ ಸುತ್ತಿಸುವ ಗೇಮ್ ಮಾತ್ರ ಅವು ಕಟ್ಟಿಲ್ಲ.

ಆ ಕೊರತೆಯನ್ನು ಇಂಡೊನೇಷ್ಯಾದವರು ಒಂದಿಷ್ಟು ತುಂಬಿದ್ದಾರೆ. ಮಾಲಿಯೊ ಎಂಬ ಅಲ್ಲಿನ ಸಂಸ್ಥೆ 2017ರಲ್ಲಿ ತಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ನಮ್ಮ ಮಕ್ಕಳ ಬಾಯಲ್ಲಿ ‘ಬಸ್ಸಿಡ್’. ಮಾಡಬೇಕಾದದ್ದು ಇಷ್ಟೇ: ಸ್ಟ್ಯಾಂಡಿನಿಂದ ಜನರನ್ನು ಹತ್ತಿಸಿಕೊಂಡು ಇನ್ನೊಂದು ಊರಿಗೆ ಬಿಡುವುದು, ಬಂದ ದುಡ್ಡಲ್ಲಿ ಹೊಸ ಬಸ್ಸು ಕೊಳ್ಳುವುದು. ಅವರದೂ ನಮ್ಮಂತೆ ಎಡಬದಿಯ ರಸ್ತೆ, ಸ್ಟೇರಿಂಗು ಬಲಕ್ಕೆ. ಈ ಗೇಮಿನ ದೊಡ್ಡತನ ಎಂದರೆ ಬಸ್ಸಿಗೆ ಬಣ್ಣ ಹೊಡೆಯುವ ಹಕ್ಕನ್ನು ಆಡುವವನಿಗೇ ಬಿಟ್ಟುಕೊಟ್ಟದ್ದು. ಬಸ್ಸಿನ ಮೈಯನ್ನು ಚಪ್ಪಟೆಯಾಗಿ ಬಿಡಿಸಿಟ್ಟ ಒಂದು ಚಿತ್ರವಿರುತ್ತದೆ. ಅದರ ಮೇಲೆ ಬೇಕಾದ್ದನ್ನು ಬರೆದು ಗ್ಯಾರೇಜಿನಲ್ಲಿ ಹಾಕಿಕೊಂಡರೆ ಆಯಿತು. ಅಲ್ಲಿಂದ ಶುರುವಾಯಿತು ನೋಡಿ. ಕೆಂಪು ‘ಕರ್ನಾಟಕ ಸಾರಿಗೆ’, ರಾಜಹಂಸ, ಐರಾವತ ಕ್ಲಬ್ ಕ್ಲಾಸ್, ಖಾಸಗಿ ಸ್ಲೀಪರ್ ಕೋಚ್‌ಗಳು, ಹಿಂದಿನ ಗಾಜಿನ ಮೇಲಿನ ದೇವರ ಹೆಸರಿನ ಸಮೇತ ಇಂಡೊನೇಷ್ಯಾದ ಹೆದ್ದಾರಿಗಳಲ್ಲಿ ಓಡತೊಡಗಿದವು. ಇದನ್ನೆಲ್ಲ ಮಾಡಿ ಹಂಚುತ್ತಿರುವವರು ಬಹುತೇಕ ಬಸ್ಸಿನ ಹುಚ್ಚಿನ ಹುಡುಗರು. ಕೆಂಪಿನ ಛಾಯೆ ಕೊಂಚ ಹೆಚ್ಚುಕಮ್ಮಿಯಾದರೂ ಅವರಲ್ಲಿ ವಾಗ್ವಾದ ನಡೆಯುತ್ತದೆ. ಅಂಥ ಜಗಳವನ್ನು ನಾನು ಕಲಾವಿಮರ್ಶೆ ಎಂದೇ ಕರೆಯುತ್ತೇನೆ.

ಚಿಕ್ಕಬಾಣಾವರದಲ್ಲಿ ಒಂದು ರೀಚಾರ್ಜ್ ಅಂಗಡಿಯ ಮೆಟ್ಟಿಲ ಮೇಲೆ ಏಳನೇ ಕ್ಲಾಸಿನ ಹುಡುಗ ಇದನ್ನೇ ಆಡುತ್ತಿದ್ದ. ಕೆಂಪು ಬಸ್ಸು, ಹಣೆಯ ಮೇಲೆ ‘ಹೆಸರಘಟ್ಟ’ ಎಂದು ಬೋರ್ಡು. ಹೊರಗೆ ತೆಂಗಿನ ಮರ, ಮಸೀದಿ, ಓದಲಾಗದ ದಾರಿಫಲಕ. ಹೆಂಗಿದೆ ಗೇಮ್ ಎಂದೆ. ಫೋನು ಮಗುಚಿಡಲಿಲ್ಲ.

“ಗಾಡಿ ಸೂಪರ್ ಅಂಕಲ್. ಟರ್ನಿಂಗಲ್ಲಿ ಹಿಂದ್ಗಡೆ ಹೆಂಗ್ ಎಳ್ಯುತ್ತೆ ನೋಡಿ, ಸೇಮ್ ಟು ಸೇಮ್. ಆದ್ರೆ ಜನ ಸರಿ ಇಲ್ಲ.”

“ಜನ ಸರಿ ಇಲ್ಲ ಅಂದ್ರೆ?”

“ಫುಟ್‌ಬೋರ್ಡಲ್ಲಿ ಒಬ್ನೂ ನಿಲ್ಲಲ್ಲ. ಓಲ್ಡಾನ್ ಅನ್ನೋರಿಲ್ಲ, ರೈಟ್ ರೈಟ್ ಅನ್ನೋರಿಲ್ಲ. ಚೇಂಜ್ ಕೊಡಿ ಅಂತ ಜಗ್ಳನೂ ಇಲ್ಲ. ಎಲ್ರೂ ಸುಮ್ನೆ ಬಂದು ಕೂತ್ಕೋತಾರೆ.”

ಹತ್ತಕ್ಕೆ ಎಷ್ಟು ಕೊಡ್ತೀಯ ಎಂದು ಕೇಳಿದೆ. ಅವನು ಬಸ್ಸನ್ನು ರಸ್ತೆ ಪಕ್ಕಕ್ಕೆ ತೆಗೆದು ಇಂಡಿಕೇಟರ್ ಹಾಕಿ ನಿಲ್ಲಿಸಿದ ಮೇಲೆಯೇ ಉತ್ತರ ಕೊಟ್ಟ.

“ಬಸ್ಸಿಗೆ ಒಂಬತ್ತು. ರೋಡಿಗೆ ಐದು. ಜಾಲಹಳ್ಳಿ ಕ್ರಾಸ್ ಸಿಗ್ನಲ್ ಹಾಕಿದ್ರೆ ಎಂಟು ಕೊಡ್ತಿದ್ದೆ.”